ಯಡ್ತರೆಯ ಗ್ರಾಮಸಭೆಯನ್ನು ಮರಳಿ ಕೊಡಿ

ಯಡ್ತರೆ ಜಂಕ್ಷನ್ನಿನಲ್ಲಿ ಹೆದ್ದಾರಿ ಬಿಟ್ಟು ಕೊಲ್ಲೂರು ರಸ್ತೆ ಹಿಡಿದರೆ ಅಂಗಡಿ ಸಾಲು ಬೇಗ ಮುಗಿಯುತ್ತದೆ. ಮುಂದೆ ಬೈಲುಗದ್ದೆ, ತೋಟ, ಹಾಡಿ, ಅದರಾಚೆ ಘಟ್ಟದ ಕಾಡು. ಕಾಗದದಲ್ಲಿ ಮಾತ್ರ ಇದು ಪಟ್ಟಣ. ಬೈಂದೂರು, ಯಡ್ತರೆ, ಪಡುವರಿ ಮೊದಲಾದ ಗ್ರಾಮಗಳನ್ನು ಕೂಡಿಸಿ ಬೈಂದೂರು ಪಟ್ಟಣ ಪಂಚಾಯತ್ ಮಾಡಿದರು. ಗ್ರಾಮೀಣ ಭಾಗವನ್ನು ಕೈಬಿಡಿ ಎಂದು 2025ರಲ್ಲಿ ರೈತರು ಧರಣಿ ಕೂರಬೇಕಾಯಿತು.

ಊರನ್ನು ಪಟ್ಟಣ ಮಾಡುವ ಅಧಿಕಾರ ಸರ್ಕಾರಕ್ಕಿದೆ. ಆದರೆ ಸಂವಿಧಾನದ 243ಕ್ಯೂ ವಿಧಿ ಜನಸಂಖ್ಯೆ, ಜನಸಾಂದ್ರತೆ, ವರಮಾನದ ಜೊತೆಗೆ ಕೃಷಿಯೇತರ ಉದ್ಯೋಗದಲ್ಲಿರುವವರ ಪ್ರಮಾಣವನ್ನೂ ನೋಡಿ ಎನ್ನುತ್ತದೆ. ಪೇಟೆಯ ಲೆಕ್ಕವನ್ನು ಕಾಡಂಚಿನ ಮನೆಗಳ ಮೇಲೂ ಹೇರಿದರೆ ಆ ಮಾತಿಗೆ ಅರ್ಥವೇನು ಉಳಿಯಿತು? ಆಕ್ಷೇಪಣೆ ಸಲ್ಲಿಸಲು ಅವಕಾಶವಿತ್ತಲ್ಲ ಎನ್ನಬಹುದು. ರಾಜ್ಯಪತ್ರ ಓದಿ ಆಕ್ಷೇಪಣೆ ಬರೆಯುವ ಬಿಡುವು ನಾಟಿ, ಕೊಯ್ಲಿನ ನಡುವೆ ಯಾರಿಗಿದೆ?

ಪಟ್ಟಣವಾದ ಮೇಲೆ ಉದ್ಯೋಗ ಖಾತರಿಯ ಕೂಲಿ ಹೋಯಿತು, ಬಾವಿಗೂ ಕೊಟ್ಟಿಗೆಗೂ ಸಿಗುತ್ತಿದ್ದ ನೆರವು ಹೋಯಿತು. ಅದಕ್ಕಿಂತ ದೊಡ್ಡ ನಷ್ಟ ಗ್ರಾಮಸಭೆಯದು. ಕೂಲಿ ಮಾಡುವ ಹೆಂಗಸೂ ಎದ್ದು ನಿಂತು ಲೆಕ್ಕ ಕೇಳಬಹುದಾದ ಒಂದೇ ಜಾಗ ಅದು. ಪಟ್ಟಣದಲ್ಲಿ ಅದಕ್ಕೆ ಸಮನಾದದ್ದಿಲ್ಲ. ವಾರ್ಡ್ ಸಮಿತಿಯನ್ನು ಸಂವಿಧಾನ ಕಡ್ಡಾಯ ಮಾಡಿರುವುದು 3 ಲಕ್ಷ ಜನಸಂಖ್ಯೆ ದಾಟಿದ ನಗರಗಳಿಗೆ ಮಾತ್ರ.

ಹೋಗಲಿ, ಸಭೆ ಕಿತ್ತುಕೊಂಡವರು ಸದಸ್ಯರನ್ನಾದರೂ ಕೊಟ್ಟರೇ? ವರ್ಷಗಟ್ಟಲೆ ಚುನಾವಣೆಯಿಲ್ಲದೆ ಅಧಿಕಾರಿಗಳೇ ಆಡಳಿತ ನಡೆಸಿದರು. ಉಡುಪಿಯೂ ಸೇರಿ ರಾಜ್ಯದ ಜಿಲ್ಲಾ, ತಾಲೂಕು ಪಂಚಾಯತ್‌ಗಳ ಅವಧಿ ಮುಗಿದದ್ದು 2021ರಲ್ಲಿ; ಅಲ್ಲೂ ಮತದಾನ ಮುಂದಕ್ಕೆ ಹೋಯಿತು. ಕ್ಷೇತ್ರ ವಿಂಗಡಣೆ ಬಾಕಿಯಿದೆಯೆಂದು ಸ್ಥಳೀಯ ಚುನಾವಣೆ ತಡೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ಮಧ್ಯಪ್ರದೇಶದ ಪ್ರಕರಣದಲ್ಲಿ ಹೇಳಿತ್ತು. ಹಾಗಿದ್ದೂ ಯಡ್ತರೆಯ ಮತದಾರನಿಗೆ ಶಾಸಕರಿಗಿಂತ ಹತ್ತಿರದ ಚುನಾಯಿತ ಪ್ರತಿನಿಧಿ ಒಬ್ಬರೂ ಇಲ್ಲದ ಕಾಲ ಬಂತು. ಚರಂಡಿ ಕಟ್ಟಿದರೂ ಕಚೇರಿಗೇ ಅರ್ಜಿ ಹಿಡಿದು ಹೋಗಬೇಕು. 1987ರಲ್ಲೇ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗೆ ಚುನಾವಣೆ ನಡೆಸಿ ದೇಶಕ್ಕೆ ದಾರಿ ತೋರಿಸಿದ, ಅಂದಿನ ಪಂಚಾಯತ್ ರಾಜ್ ಸಚಿವ ನಜೀರ್ ಸಾಬರ ರಾಜ್ಯ ನಮ್ಮದು. ಅಲ್ಲೇ ಈ ಗತಿ ಬಂತೆಂದು ಬರೆಯುವಾಗ ಹೊಟ್ಟೆ ಉರಿಯುತ್ತದೆ.

ಬೈಂದೂರು ತಾಲೂಕು ಕೇಂದ್ರ. ಪೇಟೆಗೆ ಒಳಚರಂಡಿ, ಕಸ ವಿಲೇವಾರಿ ಬೇಕು, ಅದಕ್ಕೆ ಪಟ್ಟಣ ಪಂಚಾಯತ್ ಇರಲಿ. ಹೆದ್ದಾರಿ ಬದಿಯ ಪೇಟೆಗೆ ಗಡಿ ಹಾಕಿ, ಬೈಲು-ಕಾಡಂಚಿನ ಜನರಿಗೆ ಗ್ರಾಮ ಪಂಚಾಯತ್ ಹಿಂತಿರುಗಿಸಿ. ಗೆರೆ ಎಳೆಯುವ ಮುನ್ನ ಅಧಿಕಾರಿಗಳು ಒಂದು ದಿನ ಶಾಲೆಯ ಜಗಲಿಯಲ್ಲಿ ಕೂತು ಊರವರನ್ನು ಕೇಳಲಿ, ಅವರು ಹೇಳಿದ್ದನ್ನು ಅಲ್ಲೇ ಬರೆದು ಓದಿ ಹೇಳಲಿ.