ಎರಡೂ ಮುಕ್ಕಾಲು ಗಂಟೆಯ ಸುಳ್ಳು ಲೆಕ್ಕ

"ದೆಹಲಿ ಈಗೇನು ದೂರ ಬಿಡಿ, ಎರಡೂ ಮುಕ್ಕಾಲು ಗಂಟೆ!" ಊರಿಗೆ ಹೋದಾಗಲೆಲ್ಲ ಯಾರಾದರೊಬ್ಬರು ಹೀಗೆ ಹೇಳಿಯೇ ಹೇಳುತ್ತಾರೆ. ಜೀವನವಿಡೀ ಬ್ಯಾಂಕಿನಲ್ಲಿ ಲೆಕ್ಕ ನೋಡಿದವನು ನಾನು. ಈ ಲೆಕ್ಕ ಟ್ಯಾಲಿ ಆಗುವುದಿಲ್ಲ ಸ್ವಾಮಿ.

ದೆಹಲಿಯಿಂದ ಬೆಂಗಳೂರಿಗೆ ಆಕಾಶಮಾರ್ಗದಲ್ಲಿ ಸುಮಾರು 1,700 ಕಿ.ಮೀ. ವಿಮಾನಕ್ಕೆ ಎರಡೂ ಮುಕ್ಕಾಲು ಗಂಟೆ ಬೇಕು ಅನ್ನುವುದೂ ನಿಜವೇ. ಆದರೆ ಅದು ನಿಲ್ದಾಣದಿಂದ ನಿಲ್ದಾಣಕ್ಕೆ. ನಮ್ಮ ಮನೆ ನಿಲ್ದಾಣದಲ್ಲಿ ಇಲ್ಲವಲ್ಲ!

ಚಾಣಕ್ಯಪುರಿಯಲ್ಲಿ ಮಗಳ ಕ್ವಾರ್ಟರ್ಸಿನಲ್ಲಿರುವ ನಾನು ಅದೃಷ್ಟವಂತನೇ. ಕರ್ನಾಟಕ ಭವನ ಪಕ್ಕದಲ್ಲಿದೆ, ಧೌಲಾ ಕುವಾ ದಾಟಿದರೆ ಅರ್ಧ ಗಂಟೆಯಲ್ಲಿ ವಿಮಾನ ನಿಲ್ದಾಣ. ಅಲ್ಲಿ ಎರಡು ಗಂಟೆ ಮುಂಚೆ ಇರಬೇಕು. ಇಳಿಯುವುದೆಲ್ಲಿ? 2008ರ ಮೇವರೆಗೆ ಎಚ್‌ಎಎಲ್‌ನಲ್ಲಿ, ಬೆಂಗಳೂರಿನ ಒಳಗೇ. ಆಮೇಲೆ ದೇವನಹಳ್ಳಿ. ಲಗೇಜು ಕೈಗೆ ಬರಲು ಅರ್ಧ ಗಂಟೆ. ನನ್ನೂರು ತಿಪಟೂರು. ದೊಡ್ಡಬಳ್ಳಾಪುರ, ತುಮಕೂರು, ಗುಬ್ಬಿ ದಾಟಿ ಮನೆ ಮುಟ್ಟಲು ಇನ್ನೂ ಮೂರೂವರೆ ಗಂಟೆ. ಕೂಡಿ ನೋಡಿ, ಒಂಬತ್ತು ಗಂಟೆ ಮೀರಿತು. ಅದೂ ಟಿಕೆಟ್ ಸಿಕ್ಕರೆ, ಮಂಜು ಮುಸುಕದಿದ್ದರೆ.

ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಓಡಾಡುತ್ತಿದ್ದಾಗ ಸುಮಾರು 2,400 ಕಿ.ಮೀ., ರೈಲಿನಲ್ಲೇ ಎರಡು ರಾತ್ರಿ. ದೂರ ಅಂತ ಎರಡೂ ಕಡೆಯವರಿಗೆ ಗೊತ್ತಿತ್ತು. ಹಾಗಾಗಿ ಹಿರಿಯರಿಗೆ ಸ್ವಲ್ಪ ಹುಷಾರಿಲ್ಲ ಅಂದರೂ ಮೊದಲೇ ತಿಳಿಸುತ್ತಿದ್ದರು. ನಾವೂ ಮೊದಲೇ ಹೊರಡುತ್ತಿದ್ದೆವು.

ಹೋದ ವರ್ಷ ಅಮ್ಮ ನಾಲ್ಕು ದಿನ ಮಲಗಿದ್ದಳು. ತಮ್ಮ ಹೇಳಲಿಲ್ಲ. "ಅಣ್ಣನಿಗೆ ಸುಮ್ಮನೆ ಗಾಬರಿ ಯಾಕೆ, ಬೇಕಾದರೆ ಮೂರು ಗಂಟೆಯಲ್ಲಿ ಬಂದುಬಿಡ್ತಾನೆ" ಅಂದುಕೊಂಡನಂತೆ. ರಾತ್ರಿ ಹನ್ನೊಂದಕ್ಕೆ ಫೋನ್ ಬಂತು. ಬೆಳಗಿನ ಆರರ ವಿಮಾನ ಹಿಡಿದು ಮನೆ ಮುಟ್ಟಿದಾಗ ಮಧ್ಯಾಹ್ನ ಒಂದು ಗಂಟೆ. ಅಮ್ಮ ಹತ್ತಕ್ಕೇ ಹೋಗಿಬಿಟ್ಟಿದ್ದಳು. ಬಾಯಿಗೆ ನೀರು ಬಿಡುವ ಭಾಗ್ಯವೂ ನನಗೆ ಸಿಗಲಿಲ್ಲ.

ತಮ್ಮನನ್ನೇ ದೂರಿ ಏನು ಪ್ರಯೋಜನ? ಅದೇ ಸುಳ್ಳು ಲೆಕ್ಕವನ್ನು ನಾನೂ ನಂಬಿದ್ದೆ. ದೀಪಾವಳಿಗೆ ಹೋಗೋಣ, ಇಲ್ಲದಿದ್ದರೆ ಯುಗಾದಿಗೆ, ಎರಡೂ ಮುಕ್ಕಾಲು ಗಂಟೆ ತಾನೇ ಅಂತ ಎರಡು ವರ್ಷ ತಳ್ಳಿದವನು ನಾನೇ. ರೈಲಿನ ಕಾಲದಲ್ಲಿ ವರ್ಷಕ್ಕೊಮ್ಮೆ ತಪ್ಪದೆ ಹೋಗುತ್ತಿದ್ದೆ!

ಊರಿನವರಿಗೆ ಕೈಮುಗಿದು ಹೇಳುತ್ತೇನೆ: ದೆಹಲಿ ಇವತ್ತಿಗೂ ದೂರವೇ. ಹಾಸಿಗೆ ಹಿಡಿದವರ ಸುದ್ದಿ ಮುಚ್ಚಿಡಬೇಡಿ, ಗಾಬರಿಯಾದರೆ ಆಗಲಿ. ನನ್ನಂತೆ ಹೊರಗಿರುವವರಿಗೂ ಒಂದು ಮಾತು. ವಿಮಾನದ ವೇಳಾಪಟ್ಟಿ ಬದಿಗಿಟ್ಟು, ನಿಮ್ಮ ಬಾಗಿಲಿನಿಂದ ಅಮ್ಮನ ಮಂಚದವರೆಗೆ ಎಷ್ಟು ಗಂಟೆ ಅಂತ ಇವತ್ತೇ ಲೆಕ್ಕ ಹಾಕಿ. ಹಾಕಿ, ಟಿಕೆಟ್ ತೆಗೆಸಿ.