ಮಬ್ಬಾದ ದೀಪಕ್ಕೆ ದೊಡ್ಡ ಬಲ್ಬು ಮದ್ದಲ್ಲ

ತಾಳವಾಡಿಯ ಕಡೆಯಿಂದ ಕೋಸು, ಬೀಟ್‌ರೂಟು ತುಂಬಿಕೊಂಡು ನಸುಕಿನಲ್ಲೇ ಮಾರುಕಟ್ಟೆಗೆ ಹೊರಡುವ ನಮ್ಮವರ ಗಾಡಿಗಳಲ್ಲಿ ಹಲವು, ಕಣ್ಣಿಗೆ ಪೊರೆ ಬಂದ ಮುದುಕನಂತೆ ದಾರಿ ತಡಕುತ್ತಿವೆ. ಬೆಳಕು ಸಾಲದೆಂದು ಹೆಚ್ಚು ವ್ಯಾಟಿನ ಬಲ್ಬು ಹಾಕಿಸುವುದು ತಪ್ಪೆಂದು ನಾವು ಖಂಡಿತವಾಗಿ ಹೇಳುತ್ತೇವೆ. ಮಬ್ಬು ಹಿಡಿದ ಮುಚ್ಚಳ ಬೆಳಕನ್ನು ಚದರಿಸಿ ಎದುರಿನವನ ಕಣ್ಣು ಕುಕ್ಕುತ್ತದೆ. ನಮ್ಮ ಮುಂದಿರುವ ಎತ್ತಿನ ಗಾಡಿಯಾಗಲಿ, ಕಾಡಂಚಿನ ಆನೆಯಾಗಲಿ ಕಾಣದು.

ಈಚಿನ ಗಾಡಿಗಳ ದೀಪದ ಮುಚ್ಚಳ ಗಾಜಲ್ಲ, ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ಕು. ಅದರ ಮೇಲಿನ ತೆಳು ಲೇಪ ಬಿಸಿಲಿಗೆ ಸವೆದು, ಮುಚ್ಚಳ ಹಳದಿಗಟ್ಟುತ್ತದೆ. 2018ರಲ್ಲಿ ಅಮೆರಿಕದ ಎ.ಎ.ಎ. ಎಂಬ ವಾಹನ ಸಂಘದವರು ಪರೀಕ್ಷಿಸಿದಾಗ, ಮಬ್ಬಾದ ದೀಪ ಹೊಸದರ ಐದನೆಯ ಒಂದು ಪಾಲಿನಷ್ಟೇ ಬೆಳಕು ಕೊಟ್ಟಿತು. ಕೈಯಿಂದ ಉಜ್ಜಿ ಸರಿಪಡಿಸಿದ್ದು ಶೇಕಡಾ 70ರವರೆಗೆ ಕೊಟ್ಟಿತು.

ಕೆಲಸ ಕಷ್ಟದ್ದಲ್ಲ. ಗಾಡಿಯನ್ನು ನೆರಳಿನಲ್ಲಿ ನಿಲ್ಲಿಸಿ, ದೀಪವನ್ನು ಸೋಪುನೀರಿನಿಂದ ತೊಳೆದು, ಸುತ್ತಲಿನ ಬಣ್ಣದ ಮೇಲೆ ಟೇಪು ಅಂಟಿಸಿರಿ. 1000, 1500, 2000 ನಂಬರಿನ ವಾಟರ್ ಪೇಪರುಗಳಿಂದ ಕ್ರಮವಾಗಿ, ನೀರು ಬಿಡುತ್ತ ಉಜ್ಜಿರಿ. ಬಳಿಕ ಪಾಲಿಶ್ ಹಾಕಿ, ಜಿಡ್ಡುಳಿಯದಂತೆ ಒರಸಿ, ಬಿಸಿಲು ತಡೆಯುವ ಪಾರದರ್ಶಕ ಲೇಪ ಕೊಡಿರಿ. ಹಲ್ಲುಜ್ಜುವ ಪೇಸ್ಟಿನಿಂದಲೂ ಹೊಳಪು ಬರುತ್ತದೆ. ಆದರೆ ಲೇಪವಿಲ್ಲದ ಹೊಳಪು ಬೇಗನೆ ಮಾಸುತ್ತದೆ. ಬಿರುಕು ಬಿಟ್ಟ ಅಥವಾ ಒಳಬದಿಯೇ ಮಬ್ಬಾದ ಮುಚ್ಚಳಕ್ಕೆ ಈ ಉಪಾಯ ಸಲ್ಲದು, ಬದಲಿಸಲೇಬೇಕು.

ಎತ್ತಿನ ಕೊಂಬು ಸವರಿ ಅಂದಗೊಳಿಸುವ ರೈತನಿಗೆ ಒಂದು ಮಧ್ಯಾಹ್ನದ ಈ ದುಡಿಮೆ ಹೆಚ್ಚಲ್ಲ. ಮುಂದಿನ ಸಂತೆಗೆ ಮೊದಲೇ ಇದನ್ನು ಮಾಡಿಕೊಳ್ಳಬೇಕೆಂದು ರೈತ ಬಾಂಧವರಲ್ಲಿ ನಮ್ಮ ವಿನಂತಿ.