ನಕ್ಷತ್ರ ಇಳಿಸಿದ ಮೇಲೆ



ಕ್ರಿಸ್‌ಮಸ್ ಮುಗಿಯಿತು. ಮಾಳಿಗೆಯ ಮೇಲೆ ಕಟ್ಟಿದ್ದ ಕಾಗದದ ನಕ್ಷತ್ರ ಕೆಳಗಿಳಿದಿದೆ. ಶಂಕರಪಾಳಿ, ಚಕ್ಕುಲಿ ಡಬ್ಬಿಗಳ ತಳದಲ್ಲಿ ಪುಡಿ ಮಾತ್ರ ಉಳಿದಿದೆ. ಹಬ್ಬಕ್ಕೆಂದು ಪುಣೆ, ಮುಂಬಯಿ, ಹೈದರಾಬಾದಿನಿಂದ ಬಂದಿದ್ದ ಮಕ್ಕಳು ಹುಮನಾಬಾದಿನಲ್ಲಿ ಬಸ್ಸು ಹತ್ತಿ ದುಡಿಮೆಗೆ ಮರಳಿದ್ದಾರೆ. ಡಿಸೆಂಬರ್ 25ರಂದು ಕಾಲಿಡಲು ಜಾಗವಿಲ್ಲದ ಚರ್ಚಿನಲ್ಲಿ ಜನವರಿಯ ಮೂರನೆಯ ಭಾನುವಾರ ಅರ್ಧ ಚಾಪೆ ಖಾಲಿ. ಕೇಳಿದರೆ, “ಹಬ್ಬ ಆತಲ್ಲವ್ವಾ, ಇನ್ನೇನದ?” ಎಂಬ ಉತ್ತರ.

ಇನ್ನೇನಿದೆ? ಹಬ್ಬಕ್ಕೆ ತಂದ ಬಟ್ಟೆಯ ಸಾಲ ತೀರಿಸಬೇಕಾಗಿದೆ. ತೊಗರಿ ರಾಶಿಯ ಕೂಲಿಗೆ ಹೋಗಬೇಕಾಗಿದೆ. ಸೊಸೆಯ ಹೆರಿಗೆ ಹತ್ತಿರ ಬಂದಿದೆ. ಊರು ಬಿಟ್ಟ ಮಗ ಫೋನು ಮಾಡಿಲ್ಲ. ದೇವರು ನಿಜವಾಗಿ ಬೇಕಾಗುವುದು ಇಂಥ ದಿನಗಳಲ್ಲೇ ಅಲ್ಲವೇ? ವರ್ಷಕ್ಕೊಮ್ಮೆ ಪೆಟ್ಟಿಗೆಯಿಂದ ತೆಗೆದು ಉಡುವ ರೇಷ್ಮೆ ಸೀರೆಯಂತೆ ನಂಬಿಕೆಯನ್ನೂ ಮಡಿಚಿಟ್ಟರೆ, ಕಷ್ಟದ ದಿನ ಅದು ಕೈಗೆ ಸಿಗುವುದಿಲ್ಲ.

ಲೂಕನು ಬರೆದ ಸುವಾರ್ತೆಯನ್ನು ಸ್ವಲ್ಪ ಮುಂದೆ ಓದಿ ನೋಡಿ. ದೇವದೂತರ ಹಾಡು ಕೇಳಿದ ಕುರುಬರು ಬೇತ್ಲೆಹೇಮಿನಲ್ಲೇ ಉಳಿಯಲಿಲ್ಲ. ದೇವರನ್ನು ಕೊಂಡಾಡುತ್ತ ಹಿಂದಿರುಗಿದರು. ಅದೇ ಕುರಿ, ಅದೇ ಚಳಿ, ಅದೇ ಕಾವಲು. ರಾಶಿ ಮುಗಿದ ನಮ್ಮ ಹೊಲಗಳಲ್ಲಿ ಮಂದೆ ನಿಲ್ಲಿಸಿ ರಾತ್ರಿಯಿಡೀ ಎಚ್ಚರವಿರುವ ಕುರುಬರನ್ನು ಕಂಡವರಿಗೆ ಆ ಬದುಕಿನ ಕಷ್ಟ ಗೊತ್ತು. ಮರಿಯಳಾದರೂ ಕಂಡದ್ದನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡು ಆಲೋಚಿಸುತ್ತಿದ್ದಳು. ಬೇಗನೆ ಕೂಸನ್ನೆತ್ತಿಕೊಂಡು ಐಗುಪ್ತಕ್ಕೆ ಓಡುವ ಕಾಲವೂ ಬಂತು. ಆ ಮೇಲೆ ನಜರೇತಿನಲ್ಲಿ ಬಡಗಿಯ ಮನೆಯ ಎಷ್ಟೋ ವರ್ಷಗಳ ಸಾದಾ ಸಂಸಾರ.

ದಿನದಿನದ ನಿಷ್ಠೆ ಎಂದರೇನೆಂದು ನಮ್ಮ ಬಸವಕಲ್ಯಾಣದ ನೆಲವೂ ಕಲಿಸುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಇಲ್ಲಿ ಬಾಳಿದ ಆಯ್ದಕ್ಕಿ ಲಕ್ಕಮ್ಮನ ಕಥೆ ನಿಮಗೆ ತಿಳಿದದ್ದೇ. ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಗಂಡ ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ತಂದಾಗ, ಇದು ನಮಗೆ ಸಲ್ಲದು, ಎಲ್ಲಿಂದ ತಂದಿರೋ ಅಲ್ಲಿಯೇ ಸುರಿದು ಬನ್ನಿ ಎಂದು ಲಕ್ಕಮ್ಮ ಹಿಂದಕ್ಕೆ ಕಳಿಸಿದಳು. ಆಕೆಯ ಮಾರ್ಗ ಬೇರೆ, ನಮ್ಮದು ಬೇರೆ. ಆದರೆ ಮರಳುಗಾಡಿನಲ್ಲಿ ಇಸ್ರಾಯೇಲರು ಮನ್ನವನ್ನು ಅಂದಂದಿಗೆ ಬೇಕಾದಷ್ಟೇ ಕೂಡಿಸಬೇಕಾಗಿತ್ತು, ಮರುದಿನಕ್ಕಿಟ್ಟದ್ದು ಹುಳ ಬಿದ್ದು ನಾರಿತು ಎಂಬ ಕಥೆಯೂ ಇದನ್ನೇ ಹೇಳುತ್ತದೆ. ಡಿಸೆಂಬರಿನಲ್ಲಿ ರಾಶಿ ಹಾಕಿದ ಭಕ್ತಿ ಜೂನ್ ತಿಂಗಳಿಗೆ ಆಗಿಬರುವುದಿಲ್ಲ.

“ನಮಗೆಲ್ಲಿ ಪುರುಸೊತ್ತು?” ಎನ್ನುತ್ತೀರಾ? ನಮ್ಮ ಬೀದರ ಜಿಲ್ಲೆಯ ಕ್ರೈಸ್ತರಲ್ಲಿ ಹೆಚ್ಚಿನವರು ಮೆಥೋಡಿಸ್ಟ್ ಸಭೆಯವರು. ಆ ಪಂಥಕ್ಕೆ ಮೂಲನಾದ ಜಾನ್ ವೆಸ್ಲಿಯ ತಾಯಿ ಸುಸನ್ನಾ 19 ಮಕ್ಕಳನ್ನು ಹೆತ್ತವಳು. ಅವರಲ್ಲಿ ಎಷ್ಟೋ ಮಕ್ಕಳನ್ನು ಎಳವೆಯಲ್ಲೇ ಮಣ್ಣುಮಾಡಿದವಳು. ಗದ್ದಲದ ಮನೆಯಲ್ಲಿ ಆಕೆ ಪ್ರಾರ್ಥನೆಗೆ ಕೂತಾಗ ಅಡಿಗೆಯ ಮೇಲಂಗಿಯನ್ನೇ ತಲೆಯ ಮೇಲೆ ಎಳೆದುಕೊಳ್ಳುತ್ತಿದ್ದಳಂತೆ. ಆಗ ಅಮ್ಮನನ್ನು ಕರೆಯಬಾರದೆಂದು ಮಕ್ಕಳಿಗೆ ಗೊತ್ತು. ವಾರದ ಒಂದೊಂದು ಸಂಜೆ ಒಂದೊಂದು ಮಗುವಿನೊಡನೆ ಕೂತು ದೇವರ ಮಾತಾಡುತ್ತಿದ್ದಳು. ಜಾನ್‌ನ ಪಾಲಿಗೆ ಗುರುವಾರ. ಆಕೆಗೆ ಮೇಲಂಗಿ ಸಾಕಾಯಿತು. ನಮಗೆ ಸೆರಗಿದೆಯಲ್ಲ!

ಜನವರಿ 6ರ ಜೋಯಿಸರ ದಿನ ಕಳೆದರೆ ಬೂದಿ ಬುಧವಾರದವರೆಗೆ ದೊಡ್ಡ ಹಬ್ಬವಿಲ್ಲ. ಈ ಬಿಡುವಿನಲ್ಲಿ ಇಷ್ಟು ಮಾಡಿ ನೋಡಿ.

ಗೋದಲಿಯ ಬೊಂಬೆಗಳನ್ನೆಲ್ಲ ಕಟ್ಟಿಡುವಾಗ ಒಂದು ಕುರುಬನ ಬೊಂಬೆಯನ್ನು ಒಲೆಯ ಹತ್ತಿರದ ಗೂಡಿನಲ್ಲಿ ಉಳಿಸಿಕೊಳ್ಳಿ. ರೊಟ್ಟಿ ಬಡಿಯುವಾಗ ಕಣ್ಣಿಗೆ ಬೀಳಲಿ. ಬಿದ್ದಾಗಲೆಲ್ಲ ಒಬ್ಬರ ಹೆಸರು ಹಿಡಿದು ಒಂದು ಮಾತು ಪ್ರಾರ್ಥಿಸಿ. ದೂರ ಹೋದ ಮಗನ ಹೆಸರೇ ಮೊದಲಾಗಲಿ.

ಹಿಟ್ಟು ಕಲಸುವ ಮುನ್ನ ಒಂದು ಹಿಡಿ ಬೇರೆ ಡಬ್ಬಿಗೆ ಹಾಕಿ. ಮಿಜೋರಾಮಿನ ಕ್ರೈಸ್ತ ಹೆಂಗಸರು 1910ರಿಂದ ಪ್ರತಿ ಅಡಿಗೆಗೆ ಒಂದು ಹಿಡಿ ಅಕ್ಕಿ ತೆಗೆದಿಡುತ್ತ ಬಂದು, ಆ ಹಿಡಿಗಳಿಂದಲೇ ಸಭೆಯ ದೊಡ್ಡ ಕೆಲಸಗಳಿಗೆ ನೆರವಾಗಿದ್ದಾರೆ. ಅವರಿಗೆ ಅಕ್ಕಿ, ನಮಗೆ ಜೋಳ.

ಮೂರನೆಯದೇ ಮುಖ್ಯ. ಕ್ರಿಸ್‌ಮಸ್ ವಾರದಲ್ಲಿ ಕಂಬಳಿ ಕೊಟ್ಟು, ಕೇಕು ತಿನ್ನಿಸಿ ಬಂದಿರಲ್ಲ, ಆ ಒಂಟಿ ಮುದುಕಿ ಈಗ ಹೇಗಿದ್ದಾಳೆ? ನಮ್ಮ ಬೀದರ ಸೀಮೆಯ ಚಳಿ ಜನವರಿಯಲ್ಲೂ ಕಡಿಯುತ್ತದೆ. ತುಂಬಿದ ಹಿಟ್ಟಿನ ಡಬ್ಬಿ ಹಿಡಿದು ಆಕೆಯ ಮನೆಗೆ ಹೋಗಿ. “ಆರಾಮ ಇದ್ದೀ ಏನವ್ವಾ?” ಎಂದು ಕೇಳಿ, ಅರ್ಧ ತಾಸು ಕೂತು ಬನ್ನಿ. ಹಬ್ಬದ ದಿನ ಎಲ್ಲರೂ ಬರುತ್ತಾರೆ. ಯಾರೂ ಬಾರದ ದಿನ ನೀವು ಹೋದರೆ, ಹುಟ್ಟಿದಾತನು ಇನ್ನೂ ನಮ್ಮ ನಡುವೆ ಇದ್ದಾನೆಂದು ಆ ತಾಯಿಗೆ ಬೇರೆ ಹೇಳಬೇಕಾಗಿಲ್ಲ.